ಮೂರನೆಯ ಐನೂರು ಮೀಟರ್

ಆಗಸ್ಟ್ 4, ಸೋಮವಾರ

ಇವತ್ತು ನಾಲ್ಕು ಪ್ರಬಂಧ. ನಾಲ್ಕರಲ್ಲೂ ಒಂದು ಸೋಲು, ಸೋಲಿನ ಬಾಲಕ್ಕೆ ಒಂದು ಪಾಠ. ಟೆನಿಸ್ ಆಡುವವನು ಮೊಣಕೈ ಮುರಿದುಕೊಂಡು ತಾಳ್ಮೆ ಕಲಿತ. ಈಜುವವಳು ಅರ್ಧ ಸೆಕೆಂಡಿನಲ್ಲಿ ಸೋತು ವಿನಯ ಕಲಿತಳು. ಎಲ್ಲರಿಗೂ ಹದಿನೇಳು ವಯಸ್ಸು. ಎಲ್ಲರಿಗೂ ಅಮೆರಿಕದ ಕಾಲೇಜು ಬೇಕು. ಅವರ ವಾಕ್ಯಗಳನ್ನು ತಿಕ್ಕಿ, ಒರೆಸಿ, ಹೊಳೆಯುವಂತೆ ಮಾಡಿ ವಾಪಸ್ ಕೊಡುತ್ತೇನೆ. ಮೈಸೂರಿನಲ್ಲಿ ಎಂ.ಎ. ಮಾಡುವಾಗ ಬೇರೆಯವರ ವಾಕ್ಯಗಳನ್ನು ಮುಟ್ಟದೆ ನೋಡುವುದನ್ನು ಎರಡು ವರ್ಷ ಕಲಿತೆ. ಈಗ ಮುಟ್ಟುವುದಕ್ಕೇ ಸಂಬಳ.

ಮಧ್ಯಾಹ್ನ ಕಿಟಕಿ. ರಾಫೆಲ್ಸ್ ಪ್ಲೇಸಿನ ಕಟ್ಟಡಗಳ ಸಂದಿಯಲ್ಲಿ ನದಿಯ ಒಂದು ಚೂರು ಕಾಣುತ್ತದೆ, ಬೆರಳಿನಷ್ಟು. ಆ ಬೆರಳನ್ನು ದಾಟಲು ಒಂದು ದೋಣಿಗೆ ನನ್ನ ಹನ್ನೊಂದು ಉಸಿರು ಬೇಕು. ಎಣಿಸಿದ್ದೇನೆ.

ಸಂಜೆ ಶಕುಂತಲಾ ಮ್ಯಾಮ್ ಹೊಸ ಫೈಲ್ ಕೊಟ್ಟರು. ಆಫೀಸು ಅವರದು, ಕಾಲೇಜು ಅರ್ಜಿ ತಿದ್ದಿಕೊಡುವ ಕನ್ಸಲ್ಟೆನ್ಸಿ. ಬೆಂಗಳೂರಿನವರು, ಇಪ್ಪತ್ತು ವರ್ಷದಿಂದ ಈ ಪುಟ್ಟ ದ್ವೀಪದೇಶದಲ್ಲಿದ್ದಾರೆ.

"ಇದು ರೋಯಿಂಗ್. ಹುಡುಗಿ ಕಾಕ್ಸ್. ಎಸ್ಸೇ ಕಮ್ಮಿ, ಆಡಿಯೋ ಜಾಸ್ತಿ. ನಿನಗೆ ಸರಿಹೋಗತ್ತೆ ಹಂಸಾ. ಹೇಗೂ ನೀನು ಮಾತಾಡಲ್ಲ, ಕೇಳ್ಕೊಂಡು ಕೂತಿರು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಸದ್ದಿಲ್ಲದೆ.

ಕಾಕ್ಸ್ ಎಂದರೇನು ಎಂದು ಹುಡುಕಿ ಓದಿದೆ. ನಾಲ್ವರು ಹುಟ್ಟು ಹಾಕುವ ದೋಣಿಯಲ್ಲಿ ಐದನೆಯವಳು. ಹುಟ್ಟು ಮುಟ್ಟುವುದಿಲ್ಲ. ಹಿಂಬದಿಯಲ್ಲಿ ಕೂತು ಚುಕ್ಕಾಣಿ ಹಿಡಿಯುತ್ತಾಳೆ, ಕೂಗಿ ಹೇಳುತ್ತಾಳೆ. ಹುಟ್ಟು ಹಾಕುವವರೆಲ್ಲ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂತಿರುತ್ತಾರೆ, ಅವಳನ್ನು ನೋಡುತ್ತಾ. ದಾರಿ ಕಾಣುವುದು ಅವಳೊಬ್ಬಳಿಗೇ.

ಕಾಲೇಜಿನ ಕೋಚ್‌ಗಳು ಕಾಕ್ಸ್‌ಗಳಿಂದ ವಿಡಿಯೋ ಕೇಳುವುದಿಲ್ಲವಂತೆ. ದೋಣಿಯೊಳಗಿನ ಧ್ವನಿ ಕೇಳುತ್ತಾರೆ.

ಆಗಸ್ಟ್ 6, ಬುಧವಾರ

ಮನೆಗೆ ಬರುವಾಗ ರೈಲಿನಲ್ಲಿ ರೆಕಾರ್ಡಿಂಗ್ ಹಾಕಿಕೊಂಡೆ. ಎರಡು ಸಾವಿರ ಮೀಟರ್, ಎಂಟು ನಿಮಿಷ ನಲವತ್ನಾಲ್ಕು ಸೆಕೆಂಡ್. ಮೊದಲು ನೀರು. ಆಮೇಲೆ ಟಕ್, ಟಕ್ — ನಾಲ್ಕು ಹುಟ್ಟುಗಳು ಒಟ್ಟಿಗೆ ದೋಣಿಯಂಚಿನ ಕೊಂಡಿಗೆ ತಾಗುವ ಸದ್ದು. ಅದರ ಮೇಲೆ ಅವಳ ಧ್ವನಿ. ಕೂಗುತ್ತಾಳೆ, ಆದರೆ ಬೈಯುವ ಹಾಗಿಲ್ಲ. ಕತ್ತಲೆಯಲ್ಲಿ ಮೆಟ್ಟಿಲು ಇಳಿಯುವವರಿಗೆ ಹೇಳುವ ಹಾಗೆ. ಐನೂರು ಮೀಟರ್ ಮುಗಿದಾಗಲೆಲ್ಲ ಒಂದು ಕೂಗು, ಮೈಲಿಗಲ್ಲಿನಂತೆ.

ರೆಡ್‌ಹಿಲ್ ಹತ್ತಿರ ರೈಲು ನೆಲದಡಿಯಿಂದ ಬೆಳಕಿಗೆ ಬಂತು. ಆಗಲೇ ದೋಣಿಯ ಲಯ ತಪ್ಪಿತು. ಯಾರೋ ಚೀರಿದರು. ಹುಟ್ಟು ನೀರಿನಲ್ಲಿ ಸಿಕ್ಕಿಕೊಂಡಿರಬೇಕು. ಟಕ್ ನಿಂತುಹೋಯಿತು. ನೀರು ಮಾತ್ರ. ಒಬ್ಬಳ ಬಿಕ್ಕಳಿಕೆ.

ಆಮೇಲೆ ಕನ್ನಡ.

"ಏನಾಗಿಲ್ಲ ತಗೋ. ಏನಾಗಿಲ್ಲ. ಕೈ ಸಡ್ಲ ಬಿಡು. ಮದ್ಲ ಉಸರು ಬಿಡು. ಹಾಂ. ಇನ್ನೊಮ್ಮಿ. ನಾ ಇಲ್ಲೇ ಅದೀನಿ. ಎಲ್ಲಿ ಹೋಗ್ತೀನಿ ನಾ."

ಇಷ್ಟು ಮೆಲ್ಲಗೆ. ಮೈಕಿಗೇ ಹೇಳಿದ ಹಾಗೆ. ಮತ್ತೆ ಒಂದು ಟಕ್. ಎರಡು. ಆಮೇಲೆ ನಾಲ್ಕೂ ಒಟ್ಟಿಗೆ. ಅವಳು ಇಂಗ್ಲಿಷಿಗೆ ಮರಳಿದಳು.

ಇಳಿಯಬೇಕಿದ್ದ ಕ್ಲೆಮೆಂಟಿ ದಾಟಿ ಹೋಗಿದ್ದೆ. ಜುರಾಂಗ್ ಈಸ್ಟಿನಲ್ಲಿ ಇಳಿದು ವಾಪಸ್ ಬಂದೆ.

ಆಗಸ್ಟ್ 9, ಶನಿವಾರ

ಬೆಳಿಗ್ಗೆ ಆರೂಮುಕ್ಕಾಲಿಗೆ ಪಾಂಡನ್ ಜಲಾಶಯ. ರಜೆ, ಬಸ್ಸಿನಲ್ಲಿ ನಾನೂ ಡ್ರೈವರೂ ಇಬ್ಬರೇ. ಏರಿಯ ಮೇಲೆ ನಿಂತರೆ ಒಂದು ಕಡೆ ನೀರು, ಇನ್ನೊಂದು ಕಡೆ ಫ್ಯಾಕ್ಟರಿಗಳ ಹೊಗೆ. ನೀರಿನಲ್ಲೂ ಅದೇ ಹೊಗೆ, ತಲೆಕೆಳಗಾಗಿ, ಅಲ್ಲಿ ಮಾತ್ರ ಸುಂದರ.

ಹುಡುಗಿ ನನ್ನ ಭುಜಕ್ಕೆ ಬರುತ್ತಾಳೆ. ದೋಣಿಯನ್ನು ಹೊತ್ತು ತರುವ ಹುಡುಗಿಯರಿಗೆ ದಾರಿ ತೋರಿಸುತ್ತಾ ಹಿಂದೆ ಹಿಂದೆ ನಡೆದು ಬಂದಳು. ಫೈಲಿನಲ್ಲಿ ಹೆಸರು ಶಿವಲಿಂಗವ್ವ. ಅಜ್ಜಿಯ ಹೆಸರು. ಇಲ್ಲಿ ಎಲ್ಲರೂ ಲಿವ್ ಅನ್ನುತ್ತಾರೆ.

"ಫುಲ್ ನೇಮ್ ಕರೆಯೋಕೆ ಹೋದ್ರೆ ಅಂಪೈರ್ ಮುಗಿಸೋ ಅಷ್ಟರಲ್ಲಿ ರೇಸೇ ಮುಗಿದಿರತ್ತೆ ಲಾ," ಎಂದಳು, ಈ ಊರಿನವರ 'ಲಾ' ಸೇರಿಸಿ. "ಅಕ್ಕ, ನೀವು ಏನೋ ಕೇಳಿದ್ರಿ. ಜೋರಾಗಿ ಕೇಳಿ. ಇಷ್ಟು ಮೆತ್ತಗೆ ಮಾತಾಡಿದ್ರೆ ನಿಮ್ಮ ದೋಣಿ ಸೀದಾ ಗೋಡೆಗೇ."

ಯಾವಾಗಿನಿಂದ ಎಂದು ಕೇಳಿದ್ದೆ. ಹದಿಮೂರರಿಂದಂತೆ. ಮೊದಲು ಹುಟ್ಟು ಹಾಕಲು ಬಂದಳು. ಚಿಕ್ಕವಳಿದ್ದಾಗ ಉಬ್ಬಸ, ಎದೆ ತಡೆಯಲಿಲ್ಲ. ಕೋಚ್ ಹಿಂದಿನ ಸೀಟು ತೋರಿಸಿ ಕೂರು ಎಂದರು.

"ಉಸಿರಿಲ್ಲದವಳಿಗೆ ಕೂಗೋ ಕೆಲಸ. ಫನ್ನಿ, ಅಲ್ವಾ?"

ಹೋಗಬೇಕೆಂದುಕೊಂಡ ಕಾಲೇಜನ್ನು ಫೋನಿನಲ್ಲಿ ತೋರಿಸಿದಳು. ನ್ಯೂಯಾರ್ಕ್ ರಾಜ್ಯದ ಉತ್ತರದಲ್ಲಿ, ಉದ್ದನೆಯ ಸರೋವರದ ದಂಡೆಗೆ. ಇಡೀ ಕಾಲೇಜಿಗೆ ಸಾವಿರದ ಎಂಟುನೂರು ಮಕ್ಕಳು. ಚಳಿಗಾಲದಲ್ಲಿ ಸರೋವರದ ಮೇಲೆ ಮಂಜು ನಿಂತಿರುತ್ತದೆ. ಎಷ್ಟೋ ಹೊತ್ತು ಆ ಚಿತ್ರವನ್ನೇ ನೋಡಿದೆವು, ಬೆವರುತ್ತಾ.

ಆಗಸ್ಟ್ 16, ಶನಿವಾರ

ಸಂಜೆ ಜುರಾಂಗ್ ವೆಸ್ಟ್, ಲಿವ್ ಮನೆ. ತಾಯಿ ನರ್ಸ್, ಡ್ಯೂಟಿಗೆ ಹೋಗಿದ್ದರು. ತಂದೆ ಈರಬಸಪ್ಪ, ಟುವಾಸ್ ಬಂದರಿನಲ್ಲಿ ಕ್ರೇನ್ ಮೇಂಟೆನೆನ್ಸ್ ಎಂಜಿನಿಯರ್. ಊರು ಗದಗದ ಹತ್ತಿರ. ಶನಿವಾರ ಬೆಳಿಗ್ಗೆ ಯಾವಾಗಲೂ ಶಿಫ್ಟ್, ಹಾಗಾಗಿ ಮಗಳ ದೋಣಿಯನ್ನು ಒಮ್ಮೆಯೂ ನೀರಿನ ಮೇಲೆ ನೋಡಿಲ್ಲ.

ಮಿರ್ಚಿ ಭಜಿ ಕೊಟ್ಟರು. ನನ್ನ ಎದುರು ಬೆಂಗಳೂರಿನ ಹಾಗೆ ಮಾತನಾಡಲು ನೋಡುತ್ತಾರೆ, ನಡುವೆ ಊರು ಜಾರಿ ಬರುತ್ತದೆ.

"ಮೇಡಂ, ಸ್ಪೋರ್ಟ್ಸ್ ಸ್ಕಾಲರ್‌ಶಿಪ್ ಅಂದ್ರೆ ಫುಲ್ ಅಲ್ವೇನ್ರೀ? ನಮ್ಮ ಕ್ಯಾಂಟೀನ್‌ನಾಗ ಎಲ್ಲಾರಿಗೂ ಹೇಳಿಬಿಟ್ಟೀನಿ. ಮಗಳು ಆಟದ ಮ್ಯಾಲೆ ಅಮೆರಿಕಾಕ್ಕ ಹೊಂಟಾಳ ಅಂತ."

ಲಿವ್ ನನ್ನ ಕಡೆ ನೋಡಿದಳು. ಅವಳಿಗೂ ಸರಿಯಾಗಿ ಗೊತ್ತಿಲ್ಲ. ನನಗೆ ಗೊತ್ತಿತ್ತು, ಹಿಂದಿನ ದಿನವಷ್ಟೇ ಓದಿದ್ದೆ. ಬಾಯಿಯಲ್ಲಿ ಭಜಿ ಇತ್ತು. ತಲೆ ಅಲ್ಲಾಡಿಸಿದೆ — ಹೌದೂ ಅಲ್ಲ, ಅಲ್ಲವೂ ಅಲ್ಲ, ನಮ್ಮ ಕಡೆಯ ತಲೆ. ಅವರು ಹೌದು ಎಂದೇ ತೆಗೆದುಕೊಂಡರು. ಇನ್ನೆರಡು ಭಜಿ ಹಾಕಿದರು.

ಆಗಸ್ಟ್ 20, ಬುಧವಾರ

ಓದಿದ್ದನ್ನು ನನಗೇ ಬರೆದುಕೊಳ್ಳುತ್ತೇನೆ. ಯಾರಿಗಾದರೂ ಹೇಳಬೇಕಾಗಿ ಬಂದರೆ ಇರಲಿ.

ಅಮೆರಿಕದಲ್ಲಿ ಕಾಲೇಜುಗಳ ಆಟಕ್ಕೆ ಮೂರು ಅಂತಸ್ತು. ಮೇಲಿನದ್ದನ್ನು ಟಿವಿ ತೋರಿಸುತ್ತದೆ. ನಡುವಿನಲ್ಲಿ ಕೋಚ್ ಕೈಗೆ ಸ್ವಲ್ಪ ಸ್ಕಾಲರ್‌ಶಿಪ್ ಸಿಗುತ್ತದೆ, ಅದನ್ನು ಪ್ರಸಾದದಂತೆ ಹರಿದು ಹತ್ತಾರು ಜನಕ್ಕೆ ಹಂಚುತ್ತಾರೆ. ಕೆಳಗಿನದು ಡಿವಿಷನ್ ಥ್ರೀ, ಲಿವ್ ಕಾಲೇಜಿನಂಥ ಪುಟ್ಟ ಕಾಲೇಜುಗಳು. ಅಲ್ಲಿ ಆಟಕ್ಕೆಂದು ಒಂದು ಪೈಸೆಯನ್ನೂ ಕೊಡುವ ಹಾಗಿಲ್ಲ. ನಿಯಮವೇ ಹಾಗಿದೆ. ಆದರೂ ಅತಿ ಹೆಚ್ಚು ಮಕ್ಕಳು ಆಡುವುದು ಅಲ್ಲೇ.

ದುಡ್ಡು ಬರುವುದು ಬೇರೆ ಬಾಗಿಲಿನಿಂದ. ಮಾರ್ಕ್ಸ್ ನೋಡಿ, ಮನೆಯ ಪರಿಸ್ಥಿತಿ ನೋಡಿ ಕಾಲೇಜೇ ಕೊಡುತ್ತದೆ. ಕೋಚ್ ಮಾಡಬಹುದಾದ್ದು ಒಂದೇ. ಹುಡುಗಿಯ ಕಾಗದಗಳನ್ನು ಮೊದಲೇ ಅಡ್ಮಿಷನ್ ಆಫೀಸಿಗೆ ಒಯ್ದು, ಇವಳು ನನಗೆ ಬೇಕು ಎಂದು ಹೇಳುವುದು. ಆ ಮಾತನ್ನು ಕೋಚ್ ವರ್ಷಕ್ಕೆ ಕೆಲವರಿಗೆ ಮಾತ್ರ ಖರ್ಚು ಮಾಡಬಲ್ಲರು. ಕಾಕ್ಸ್ ಒಬ್ಬಳಿಗೆ.

ಯೋಚಿಸುತ್ತಾ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ನಡುವೆ ಕೂತೆ. ಬೇಕು ಎನ್ನುವುದಷ್ಟೇ. ಕೊಡುವುದಕ್ಕೆ ಏನೂ ಇಲ್ಲದೆ. ಕಾಫಿ ಆರಿಹೋಯಿತು.

ಆಗಸ್ಟ್ 23, ಶನಿವಾರ

ಕೋಚ್‌ಗೆ ಕಳಿಸುವ ಮುನ್ನ ಆಡಿಯೋ ಸರಿ ಮಾಡಲು ಕೂತೆ. ಗಾಳಿಯ ಸದ್ದು ಇಳಿಸಿದೆ. ಶುರುವಿನ ನಗು ತೆಗೆದೆ. ಮೂರನೆಯ ಐನೂರಿನಲ್ಲಿ ಬಂದು ನಿಂತೆ.

ಚೀರು, ಬಿಕ್ಕಳಿಕೆ, ಕನ್ನಡ. ಅಲ್ಲಿನ ಕೋಚ್‌ಗೆ ಏನು ಅರ್ಥವಾಗುತ್ತದೆ? ಪ್ರಬಂಧವಾಗಿದ್ದರೆ ಈ ಪ್ಯಾರಾ ಹೊಡೆದುಹಾಕುತ್ತಿದ್ದೆ. ಓಟ ನಿಲ್ಲುತ್ತದೆ, ಧಾಟಿ ಬದಲಾಗುತ್ತದೆ. ಎರಡು ಟಕ್‌ಗಳ ನಡುವೆ ಕತ್ತರಿಸಿ, ಆ ತುದಿ ಈ ತುದಿ ಸೇರಿಸಿದೆ. ನಲವತ್ತು ಸೆಕೆಂಡ್. ಹೊಲಿಗೆ ಕಾಣುವುದೇ ಇಲ್ಲ. ನನಗೇ ಹೆಮ್ಮೆ ಆಯಿತು.

ನಿಜ ಹೇಳಬೇಕೆಂದರೆ ಇನ್ನೂ ಒಂದಿದೆ. ರೈಲಿನಲ್ಲಿ ಅಮ್ಮನ ಫೋನ್ ಬಂದರೆ ಧ್ವನಿ ಇಳಿಸಿ ಮಾತನಾಡುತ್ತೇನೆ. ಅದೇ ಕೈಯಿಂದ ಇವಳದ್ದನ್ನೂ ಇಳಿಸಿದೆ.

ಕತ್ತರಿಸಿದ ತುಂಡನ್ನು ಬಿಸಾಡಲಿಲ್ಲ. ನನ್ನ ಫೋನಿನಲ್ಲಿ ಇಟ್ಟುಕೊಂಡೆ.

ಲಿವ್‌ಗೆ ಫೈಲ್ ಕಳಿಸಿ, ಕ್ಲೀನ್ ಮಾಡಿದ್ದೇನೆ ಎಂದು ಬರೆದೆ. ಪರೀಕ್ಷೆಗೆ ಓದುತ್ತಿದ್ದಳು. ಕೇಳದೆಯೇ ಕೋಚ್‌ಗೆ ದಾಟಿಸಿದಳು. 'ಥ್ಯಾಂಕ್ಸ್ ಅಕ್ಕ, ಯು ದ ಬೆಸ್ಟ್.'

ಆಗಸ್ಟ್ 31, ಭಾನುವಾರ

ಬೆಳಿಗ್ಗೆ ಶ್ರೀವಿದ್ಯಾ ಆಂಟಿ ಬಾಗಿಲು ತಟ್ಟಿದರು. ಅವರ ಮನೆಯ ಚಿಕ್ಕ ಕೋಣೆಯಲ್ಲೇ ನಾನಿರುವುದು. "ಯಾರ ಜೊತೆ ಮಾತಾಡ್ತಿದ್ಯೇ? ನಿನ್ನ ಕೋಣೆಯಿಂದ ಮಾತು ಕೇಳಿದ್ದು ಇದೇ ಮೊದಲು."

ನಾನು ಮಾತನಾಡಿರಲಿಲ್ಲ. ತುಂಡು ಕೇಳುತ್ತಿದ್ದೆ. ಈಗ ದಿನಾ ಕೇಳುತ್ತೇನೆ. ಎಸ್ಕಲೇಟರ್ ಏರುವಾಗ, ಮ್ಯಾಮ್ ಮುಂದೆ ಹೋಗುವ ಮೊದಲು. ಮದ್ಲ ಉಸರು ಬಿಡು. ನಾ ಇಲ್ಲೇ ಅದೀನಿ. ಮೋಡದ ದಿನ ಆಫೀಸಿನ ಕಿಟಕಿಯಿಂದ ಊರೆಲ್ಲ ನೀರಿನಡಿ ಇದ್ದಂತೆ ಕಾಣುತ್ತದೆ. ಎಲ್ಲರೂ ಬೆನ್ನು ಹಾಕಿ ಹೋಗುತ್ತಿದ್ದಾರೆ, ಎಲ್ಲೋ ಒಬ್ಬಳು ಮುಂದೆ ನೋಡುತ್ತಿದ್ದಾಳೆ.

ಸೆಪ್ಟೆಂಬರ್ 11, ಗುರುವಾರ

ಕೋಚ್ ಉತ್ತರ ಬಂತು. ಲಿವ್‌ಗೆ ಬಂದದ್ದನ್ನು ಅವಳು ನನಗೆ ಕಳಿಸಿದಳು, ಜೊತೆಗೆ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ.

ಕೋಚ್ ವಯಸ್ಸಾದ ಹೆಂಗಸಿರಬೇಕು, ಸಣ್ಣ ವಾಕ್ಯಗಳಲ್ಲಿ ಬರೆಯುತ್ತಾರೆ. ಧ್ವನಿ ಇಷ್ಟವಾಯಿತಂತೆ. ಆಮೇಲೆ — ನೀನು ಪ್ರತಿ ಐನೂರಿಗೂ ಕೂಗುತ್ತೀಯ, ಹಾಗಾಗಿ ಗಡಿಯಾರ ಇಟ್ಟುಕೊಂಡು ಕೇಳಿದೆ. ಒಂದು, ಎರಡು, ನಾಲ್ಕನೆಯ ಐನೂರಿಗೆ ತಲಾ ಎರಡು ನಿಮಿಷ ಎಂಟು ಸೆಕೆಂಡ್. ಮೂರನೆಯದಕ್ಕೆ ಒಂದು ನಿಮಿಷ ನಲವತ್ತು. ಅಷ್ಟು ವೇಗದ ದೋಣಿಗೆ ನಾನಲ್ಲ, ಒಲಿಂಪಿಕ್ ತಂಡದವರು ಬರೆಯಬೇಕಿತ್ತು. ಏನನ್ನೋ ಕತ್ತರಿಸಿದ್ದೀಯ. ಕೆಟ್ಟ ಕ್ಷಣ ಎಲ್ಲರಿಗೂ ಬರುತ್ತದೆ. ಮುಚ್ಚಿಡುವ ಕಾಕ್ಸ್ ನನಗೆ ಬೇಡ, ಅವಳನ್ನು ನಂಬಿಯೇ ಎಲ್ಲರೂ ಬೆನ್ನು ಹಾಕಿ ಕೂರುವುದು. ಇಬ್ಬರು ಹುಡುಗಿಯರನ್ನು ನೋಡುತ್ತಿದ್ದೇನೆ, ಒಬ್ಬಳಿಗೆ ಜಾಗ. ಸೋಮವಾರದೊಳಗೆ ಹೇಳು.

ಮೂರು ಸಲ ಓದಿದೆ. ಪದಗಳನ್ನು ಕತ್ತರಿಸಿದೆ ಎಂದುಕೊಂಡಿದ್ದೆ. ಕತ್ತರಿಸಿದ್ದು ನೀರನ್ನು, ಆ ನಲವತ್ತು ಸೆಕೆಂಡಿನಲ್ಲೂ ದೋಣಿ ತೇಲಿಕೊಂಡು ಮುಂದೆ ಸಾಗಿತ್ತು. ಪ್ರಬಂಧದಲ್ಲಿ ಒಂದು ಪ್ಯಾರಾ ತೆಗೆದರೆ ಯಾರೂ ಎಲ್ಲಿಗೂ ಬೇಗ ತಲುಪುವುದಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಮ್ಯಾಮ್‌ಗೆ ಹೇಳಿದೆ.

"ಟೆಕ್ನಿಕಲ್ ಗ್ಲಿಚ್ ಅಂತ ಬರಿ. ಫೋನು ನೀರಿಗೆ ಬಿತ್ತು, ಏನೋ ಒಂದು. ನೀನು ಕಟ್ ಮಾಡಿದ್ದು ಅಂತ ಹೊರಗೆ ಬಂದ್ರೆ ಇಷ್ಟು ದಿನ ಆ ಹುಡುಗಿ ಮೇಲ್ ಯಾರು ತಿದ್ದಿದ್ರು ಅನ್ನೋದೂ ಬರತ್ತೆ. ಕೋಚ್‌ಗಳಿಗೆ ಕನ್ಸಲ್ಟೆಂಟ್ ಅಂದ್ರೆ ಆಗಲ್ಲ."

"ಮ್ಯಾಮ್, ಅವಳಿಗೆ ಹೇಳಬೇಕಲ್ಲ."

"ಯಾರಿಗೆ?"

"ಲಿವ್‌ಗೆ. ಅವಳಿಗೇ ಗೊತ್ತಿಲ್ಲ."

ಮ್ಯಾಮ್ ಕನ್ನಡಕ ತೆಗೆದರು. "ಹಂಸಾ, ನೀನು ಆರು ತಿಂಗಳಲ್ಲಿ ನನ್ನ ಮುಂದೆ ಇಷ್ಟುದ್ದ ಮಾತಾಡಿದ್ದು ಇವತ್ತೇ. ಅದೂ ಬ್ಯಾಡ್ ನ್ಯೂಸ್."

ಗ್ಲಿಚ್ ಪತ್ರದ ಕರಡು ಬರೆದೆ. ಚೆನ್ನಾಗಿ ಬಂತು. ನಂಬುವ ಹಾಗಿತ್ತು. ಕಳಿಸಲಿಲ್ಲ.

ಸೆಪ್ಟೆಂಬರ್ 13, ಶನಿವಾರ

ಪಾಂಡನ್. ದೋಣಿ ತೊಳೆಯುತ್ತಿದ್ದಳು. ಹೇಳಿದೆ. ನಲ್ಲಿಯ ಸದ್ದಿನಲ್ಲಿ ಕೇಳಿಸಲಿಲ್ಲ, ಎರಡನೆಯ ಸಲ ಹೇಳಬೇಕಾಯಿತು. ಎರಡನೆಯ ಸಲ ಇನ್ನೂ ಕಷ್ಟ.

ನಲ್ಲಿ ನಿಲ್ಲಿಸಿದಳು.

"ಯಾವುದು? ಹುಯಿ ಮಿನ್ ಕ್ರ್ಯಾಬ್ ಹಿಡಿದಿದ್ದಾ?"

ಹುಟ್ಟು ನೀರಿಗೆ ಸಿಕ್ಕಿಕೊಳ್ಳುವುದಕ್ಕೆ ಇವರು ಹಾಗನ್ನುತ್ತಾರೆ. ಹೌದೆಂದೆ.

"ಅಕ್ಕ, ಅದೇ ನಾನು ಮಾಡಿದ್ದು. ಮಿಕ್ಕಿದ್ದೆಲ್ಲ ಯಾರು ಬೇಕಾದ್ರೂ ಕೂಗ್ತಾರೆ. ನಿಂತ ದೋಣಿ ಹೊರಡಿಸಿದ್ದು ನಾನು. ಯಾಕೆ ತೆಗೆದ್ರಿ? ಹೇಳಿ. ಕನ್ನಡ ಅಂತಾನಾ?"

ತಲೆ ಅಲ್ಲಾಡಿಸಿದೆ. ಈ ಸಲ ಹೌದು ಎಂದೇ.

ಹುಯಿ ಮಿನ್ ಅಲ್ಲೇ ಹುಟ್ಟು ಒರೆಸುತ್ತಿದ್ದಳು. ಲಿವ್ ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಹುಯಿ ಮಿನ್ ನನ್ನ ಕಡೆ ತಿರುಗಿ, ತನಗೆ ಒಂದು ಪದವೂ ತಿಳಿಯಲಿಲ್ಲ, ಆದರೆ ಕೈ ತಾನೇ ಸಡಿಲವಾಯಿತು ಎಂದಳು. ಯಾರದೋ ಮನೆಯೊಳಗೆ ಬಂದ ಹಾಗಿತ್ತಂತೆ.

ಫೋನಿನಲ್ಲಿದ್ದ ತುಂಡನ್ನು ಅವಳಿಗೆ ಕಳಿಸಿದೆ. ಲಿವ್ ಕಣ್ಣು ಕಿರಿದು ಮಾಡಿದಳು. "ಇಟ್ಕೊಂಡಿದ್ರಾ? ಯಾಕೆ?"

"ಕೇಳೋಕೆ."

"ಕ್ರೀಪಿ ಲಾ, ಅಕ್ಕ," ಎಂದಳು. ನಗಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಲಿವ್ ಕೋಚ್‌ಗೆ ತಾನೇ ಬರೆದಳು. ನನಗೆ ಪ್ರತಿ ಕಳಿಸಿದ್ದು ಹೋದ ಮೇಲೆ.

ಪೂರ್ತಿ ರೆಕಾರ್ಡಿಂಗ್ ಇಲ್ಲಿದೆ. ನನಗೆ ಮೇಲ್ ತಿದ್ದಲು ಒಬ್ಬ ಅಕ್ಕ ಇದ್ದಾರೆ, ಚೆನ್ನಾಗಿ ಕೇಳಿಸಲಿ ಎಂದು ಅವರು ಕತ್ತರಿಸಿದರು. ಕಳಿಸುವ ಮುಂಚೆ ನಾನು ಕೇಳಿ ನೋಡಲಿಲ್ಲ, ಅದು ನನ್ನ ತಪ್ಪು. ಆ ನಲವತ್ತು ಸೆಕೆಂಡ್ ನನ್ನ ಭಾಷೆಯಲ್ಲಿದೆ. ಇದನ್ನು ಯಾರೂ ತಿದ್ದಿಲ್ಲ.

ಎರಡು ಕಾಗುಣಿತ ತಪ್ಪು. ಒಂದು ಅಲ್ಪವಿರಾಮ ತಪ್ಪಾದ ಜಾಗದಲ್ಲಿ. ಬೆರಳು ತುರಿಸಿತು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಸೆಪ್ಟೆಂಬರ್ 27, ಶನಿವಾರ

ಹದಿಮೂರು ದಿನ ಏನೂ ಇಲ್ಲ. ನಾನೂ ಬರೆಯಲಿಲ್ಲ. ತುಂಡು ಕೇಳುವ ಹಕ್ಕು ಹೋಗಿದೆ ಅನ್ನಿಸುತ್ತಿತ್ತು.

ಇವತ್ತು ಕೋಚ್ ಉತ್ತರ ಬಂತು. ದೋಣಿ ನಿಂತಾಗ ನೀನು ಏನು ಮಾಡುತ್ತೀಯ ಎಂದು ಈಗ ಗೊತ್ತಾಯಿತು. ಅದೊಂದೇ ನಾನು ಕೇಳಬೇಕಿದ್ದದ್ದು. ಏನು ಹೇಳಿದೆ ಎಂದು ಎಂದಾದರೂ ತಿಳಿಸು. ನಿನ್ನ ಕಾಗದಗಳನ್ನು ಅಡ್ಮಿಷನ್ ಆಫೀಸಿಗೆ ಒಯ್ದಿದ್ದೆ, ಮೊದಲ ನೋಟಕ್ಕೆ ಒಪ್ಪಿದ್ದಾರೆ. ನನ್ನ ಮಾತು ನಿನಗೆ. ನೀನು ಅರ್ಲಿ ಡಿಸಿಷನ್‌ನಲ್ಲಿ ಹಾಕಬೇಕು, ಅಂದರೆ ಸೀಟು ಸಿಕ್ಕಿದರೆ ಬೇರೆ ಕಡೆ ನೋಡದೆ ಇಲ್ಲಿಗೇ ಬರುತ್ತೇನೆಂದು ತಂದೆಯೂ ಸಹಿ ಹಾಕಬೇಕು. ನಾನು ನಿನಗೆ ಒಂದು ಡಾಲರ್ ಕೂಡ ಕೊಡಲಾರೆ. ನಮ್ಮಂಥ ಕಾಲೇಜಿನಲ್ಲಿ ಯಾವ ಕೋಚೂ ಕೊಡಲಾರರು. ಕೊಡುತ್ತೇನೆ ಅನ್ನುವವರನ್ನು ನಂಬಬೇಡ. ಕಾಲೇಜಿನ ಗ್ರ್ಯಾಂಟ್ ಎಷ್ಟು ಎನ್ನುವುದು ಡಿಸೆಂಬರಿನಲ್ಲೇ ತಿಳಿಯುವುದು.

ಕೆಳಗೆ ಲಿವ್: 'ಅಕ್ಕ. ಅಪ್ಪಗೆ ಯಾರು ಹೇಳೋದು.'

ಅಕ್ಟೋಬರ್ 5, ಭಾನುವಾರ

ಮತ್ತೆ ಅದೇ ಸೋಫಾ. ಈ ಸಲ ಭಜಿ ಮುಟ್ಟಲಿಲ್ಲ.

ನೋಟ್‌ಬುಕ್ ತೆರೆದು ಓದಿದೆ, ಆಗಸ್ಟಿನಲ್ಲಿ ಬರೆದುಕೊಂಡದ್ದನ್ನೇ. ಮೂರು ಅಂತಸ್ತು. ಆಟಕ್ಕೆ ಏನೂ ಇಲ್ಲ. ಬೇರೆ ಬಾಗಿಲು. ಕೊನೆಗೆ, ಅವತ್ತು ನಾನು ತಲೆ ಅಲ್ಲಾಡಿಸಿದ್ದು ತಪ್ಪು ಅಂಕಲ್, ಎಂದೆ.

ಈರಬಸಪ್ಪ ಅಂಕಲ್ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು.

"ಹಂಗಂದ್ರ ನಾಕು ವರ್ಷ ನೀರಾಗ ಕುಂತದ್ದಕ್ಕ ಕಿಮ್ಮತ್ತಿಲ್ಲ."

"ಅದರ ಕಿಮ್ಮತ್ತ ಕೋಚ್ ಮಾತು ಅಪ್ಪಾ. ಆ ಮಾತಿನ ಮ್ಯಾಲೆ ಸೀಟು," ಎಂದಳು ಲಿವ್. ಅಪ್ಪನ ಎದುರು ಅವಳ ಕನ್ನಡ ಬೇರೆ. "ಇನ್ನೊಂದು ಕೇಳು. ದೊಡ್ಡ ಕಾಲೇಜಿನಾಗ ಕೋಚ್ ಕೊಟ್ಟದ್ದನ್ನ ಕೋಚ್ ಕಸ್ಕೋಬಹುದು. ಇಲ್ಲಿ ನಾ ನಾಳೆ ದೋಣಿ ಬಿಟ್ರೂ ಗ್ರ್ಯಾಂಟ್ ಹೋಗಂಗಿಲ್ಲ. ಉಬ್ಬಸ ಬಂದ್ರೂ."

"ಎಷ್ಟ್ ಕೊಡ್ತಾರ ಅಂತ ಗೊತ್ತಿಲ್ದ ಸಹಿ ಹಾಕು ಅಂತೀಯಲ್ಲ. ನಾ ಕ್ರೇನಿನವ. ತೂಕ ಗೊತ್ತಿಲ್ದ ಎತ್ತಂಗಿಲ್ಲ."

ಫ್ಯಾನ್ ತಿರುಗುತ್ತಿತ್ತು. ನಾನು ಲಿವ್ ಕಡೆ ನೋಡಿದೆ, ಅವಳು ಗೋಣು ಹಾಕಿದಳು. ಫೋನನ್ನು ಟೀಪಾಯಿ ಮೇಲಿಟ್ಟು ಒತ್ತಿದೆ.

ನೀರು. ಚೀರು. ಬಿಕ್ಕಳಿಕೆ. ಏನಾಗಿಲ್ಲ ತಗೋ. ಕೈ ಸಡ್ಲ ಬಿಡು. ಮದ್ಲ ಉಸರು ಬಿಡು.

ಅಂಕಲ್ ಫೋನಿಗೆ ಕಿವಿ ಹತ್ತಿರ ತಂದರು, ಯಂತ್ರದ ಒಳಸದ್ದು ಕೇಳುವವರ ಹಾಗೆ. ಮುಗಿದ ಮೇಲೂ ಹಾಗೇ ಬಗ್ಗಿದ್ದರು.

"ಇದನ್ನ ನಾ ಅಂತಿದ್ದೆ," ಎಂದರು. "ಇಕಿ ಅವ್ವಂದು ನೈಟ್ ಡ್ಯೂಟಿ. ಇಕಿಗೆ ದಮ್ಮು ಹತ್ತೋದು. ಆ ಉಸರಿನ ಮಷೀನ್ ಮೂತಿಗೆ ಹಿಡಕೊಂಡು ಬೆಳಕು ಹರಿಯೋ ತನ ಇದನ್ನ ಅಂತಿದ್ದೆ. ಮೂರು ವರ್ಷದಾಕಿ. ನೆನಪಿರಂಗಿಲ್ಲ ಅಂತ ತಿಳ್ದಿದ್ದೆ."

"ನೆನಪಿಲ್ಲಪ್ಪಾ," ಎಂದಳು ಲಿವ್. "ಬಾಯಿಗೆ ಬಂತಷ್ಟ."

ಬೀಳ್ಕೊಡಲು ಲಿಫ್ಟ್ ತನಕ ಬಂದರು. ಮೇಡಂ ಅನ್ನಲಿಲ್ಲ. "ತಂಗಿ, ಆ ಫಾರ್ಮ್ ಕಳಸು. ನಾ ಓದ್ತೀನಿ. ಇನ್ನೂ ಹೂಂ ಅಂದಿಲ್ಲ ಮತ್ತ."

ಕೆಳಗೆ ವಾಯ್ಡ್ ಡೆಕ್ಕಿನಲ್ಲಿ, ಕಟ್ಟಡದಡಿಯ ಖಾಲಿ ಜಾಗದಲ್ಲಿ, ಒಬ್ಬರು ಮುದುಕರು ಪಂಜರದ ಹಕ್ಕಿಗೆ ಸಿಳ್ಳೆ ಕಲಿಸುತ್ತಿದ್ದರು. ಅಲ್ಲೇ ಕಲ್ಲಿನ ಸ್ಟೂಲಿನ ಮೇಲೆ ತುಂಬಾ ಹೊತ್ತು ಕೂತೆ. ಹಕ್ಕಿ ಸಿಳ್ಳೆ ಹಾಕಲಿಲ್ಲ. ಅವರು ಬೇಸರ ಮಾಡಿಕೊಳ್ಳಲೂ ಇಲ್ಲ.

ನವೆಂಬರ್ 10, ಸೋಮವಾರ

ಅಂಕಲ್ ಸಹಿ ಹಾಕಿದ್ದಾರೆ. ಮನೆಯಿಂದ ಎಷ್ಟಾಗುತ್ತದೆ ಎಂದು ಕಾಲೇಜಿಗೆ ಪ್ರಾಮಾಣಿಕವಾಗಿ ಬರೆದು, ಅದಕ್ಕಿಂತ ಹೆಚ್ಚು ಕೇಳಿದರೆ ನಿಯಮದ ಪ್ರಕಾರವೇ ಹಿಂದೆ ಸರಿಯಬಹುದು ಎನ್ನುವ ಸಾಲನ್ನು ಅಂಕಲ್ಲೇ ಹುಡುಕಿದರು. ಹನ್ನೆರಡನೆಯ ಪುಟದಲ್ಲಿತ್ತು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮ್ಯಾಮ್ ನನ್ನನ್ನು ಎಸ್ಸೇಯಿಂದ ತೆಗೆದು ಫಾರ್ಮ್‌ಗಳಿಗೆ ಹಾಕಿದ್ದಾರೆ. "ಅಲ್ಲಿ ಕತ್ತರಿಸೋಕೆ ಏನೂ ಇಲ್ಲ." ತಮಾಷೆಯೋ ಶಿಕ್ಷೆಯೋ ತಿಳಿಯಲಿಲ್ಲ. ಎರಡೂ ಇರಬಹುದು.

ಡಿಸೆಂಬರ್ 13, ಶನಿವಾರ. ಬೆಳಿಗ್ಗೆ 7.10

ಏರಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಈರಬಸಪ್ಪ ಅಂಕಲ್. ಶಿಫ್ಟ್ ಬದಲಿಸಿಕೊಂಡು ಬಂದಿದ್ದಾರೆ. ಇಸ್ತ್ರಿ ಮಾಡಿದ ಷರ್ಟು, ಹಣೆಗೆ ವಿಭೂತಿ. ಸ್ಟೀಲ್ ಫ್ಲಾಸ್ಕಿನಲ್ಲಿ ಚಹಾ ತಂದು, ಕುಡಿಯುವುದನ್ನು ಮರೆತಿದ್ದಾರೆ.

ಫಲಿತಾಂಶ ಆರು ಗಂಟೆಗೇ ಬಂದಿರಬೇಕು. ಅಲ್ಲಿ ನಿನ್ನೆ ಸಂಜೆ. ಲಿವ್ ದೋಣಿಮನೆಯ ಹಿಂದೆ ಒಬ್ಬಳೇ ಹೋಗಿ ಫೋನ್ ನೋಡಿದಳು. ವಾಪಸ್ ಬಂದಾಗ ಮುಖದಲ್ಲಿ ಏನೂ ಇರಲಿಲ್ಲ. ಫೋನನ್ನು ಅಪ್ಪನ ಜೇಬಿಗೆ ಹಾಕಿ, ಮೈಕ್ ತಲೆಗೆ ಕಟ್ಟಿಕೊಂಡಳು.

"ಏನಾತು?"

"ಮದ್ಲ ನೋಡು ಅಪ್ಪಾ. ನೀ ಒಮ್ಮಿನೂ ನೋಡಿಲ್ಲ."

ಲಾಕ್ ಆದ ಫೋನು ಎದೆಯ ಮೇಲಿನ ಜೇಬಿನಲ್ಲಿದೆ. ಅಂಕಲ್ ಅದನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಾರೆ, ತಣ್ಣಗಾಗಬಾರದು ಎನ್ನುವ ಹಾಗೆ.

ರಾತ್ರಿ ಮಳೆ ಬಂದಿತ್ತು. ನೀರಿನ ಮೇಲೆ ತೆಳ್ಳಗೆ ಆವಿ. ದೋಣಿ ದೂರದಲ್ಲಿ ಒಂದು ಗೆರೆ. ನಾಲ್ಕು ಬೆನ್ನು, ಒಂದು ಮುಖ. ಮುಖ ಇಲ್ಲಿಂದ ಕಾಣುವುದಿಲ್ಲ. ಅಂಕಲ್ ಕೇಳಿದರು, "ಅಕಿ ಹುಟ್ಟು ಹಾಕಂಗಿಲ್ಲೇನು?" ಇಲ್ಲ ಅಂಕಲ್, ಅವಳು ಮುಂದೆ ನೋಡ್ತಾಳೆ, ಎಂದೆ. ಜೋರಾಗಿಯೇ ಬಂತು.

ಬರುತ್ತಿದೆ. ಟಕ್ ಕೇಳಿಸುತ್ತಿದೆ. ಆಮೇಲೆ ಧ್ವನಿ. ನೀರು ಅದನ್ನು ಚಪ್ಪಟೆಯಾಗಿ ನಮ್ಮ ತನಕ ತಳ್ಳುತ್ತದೆ. ಐನೂರು. ಸಾವಿರ. ಧ್ವನಿಯಲ್ಲಿ ಏನಾದರೂ ಇದೆಯೇ ಎಂದು ಕೇಳುತ್ತೇನೆ. ಇಲ್ಲ. ಕತ್ತಲೆಯ ಮೆಟ್ಟಿಲು, ಅಷ್ಟೇ.

ಮೂರನೆಯ ಐನೂರು ನಮ್ಮ ಎದುರಿಗೇ ಬೀಳುತ್ತದೆ. ಅಂಕಲ್ ಎದ್ದು ನಿಂತರು. ದೋಣಿ ಸಮಕ್ಕೆ ಬಂತು. ಎರಡು ಟಕ್‌ಗಳ ನಡುವೆ, ದಾರಿಯಿಂದ ಕಣ್ಣು ತೆಗೆಯದೆ:

"ಅಪ್ಪಾ, ಸಿಕ್ಕೇತಿ. ಗ್ರ್ಯಾಂಟೂ ಕೊಟ್ಟಾರ, ನೀ ಬರದು ಕೇಳಿದಷ್ಟ."

ಅದೇ ಉಸಿರಿನಲ್ಲಿ ಹುಡುಗಿಯರಿಗೆ ಇಂಗ್ಲಿಷಿನಲ್ಲಿ, ಇನ್ನು ಹತ್ತು, ಪೂರ್ತಿ ಬಲ ಹಾಕಿ.

ಅಂಕಲ್ ನನ್ನ ಕಡೆ ತಿರುಗಲಿಲ್ಲ. ಕೈ ಇನ್ನೂ ಜೇಬಿನ ಮೇಲಿದೆ. ತುಟಿ ಅಲ್ಲಾಡುತ್ತಿದೆ. ಒಂದೊಂದೇ ಹುಟ್ಟು ಎಣಿಸುತ್ತಿದ್ದಾರೆ. ನಾನೂ ಎಣಿಸುತ್ತಿದ್ದೇನೆ, ಬಾಯಿ ಬಿಟ್ಟು, ಒಂದನ್ನೂ ಬಿಡದೆ. ನಾಲ್ಕು. ಐದು. ಬರೆಯುತ್ತಾ ಹಿಂದೆ ಬೀಳುತ್ತೇನೆ. ಏಳು. ಎಂಟು. ಒಂಬ—